ಸೆನ್ನಾನಿಗೆ ಸಂದದ್ದು, ಪ್ರಾಸ್ಟ್‌ಗೆ ಸಲ್ಲದ್ದು

ಕಾರು ರೇಸಿನ ಗಂಧಗಾಳಿ ಇಲ್ಲದವರೂ ನೋಡಬೇಕಾದ ಚಿತ್ರ ಆಸಿಫ್ ಕಪಾಡಿಯಾ 2010ರಲ್ಲಿ ಮಾಡಿದ ‘ಸೆನ್ನಾ’. ಬ್ರೆಜಿಲ್‌ನ ಫಾರ್ಮುಲಾ ಒನ್ ಚಾಲಕ ಆಯರ್ಟನ್ ಸೆನ್ನಾನ ಕುರಿತ ಈ ಸಾಕ್ಷ್ಯಚಿತ್ರದಲ್ಲಿ ಕುರ್ಚಿಯಲ್ಲಿ ಕೂತು ನೆನಪು ಬಿಚ್ಚುವ ಮುಖಗಳಿಲ್ಲ. ಬಲ್ಲವರ ದನಿಯಷ್ಟೇ ಹಿನ್ನೆಲೆಯಲ್ಲಿ. ತೆರೆಯ ಮೇಲೆ ಆ ಕಾಲದ್ದೇ ತುಣುಕುಗಳು. ಹೀಗಾಗಿ, ಕೊನೆ ಏನೆಂದು ಗೊತ್ತಿದ್ದೂ ಸತ್ತವನ ಕಥೆ ನೋಡುತ್ತಿದ್ದೇವೆ ಅನ್ನಿಸುವುದಿಲ್ಲ.

1991ರ ಬ್ರೆಜಿಲ್ ರೇಸನ್ನೇ ನೋಡಿ. ಗೇರುಗಳು ಕೈಕೊಟ್ಟು ಕೊನೆಗೆ ಉಳಿದದ್ದು ಆರನೆಯದೊಂದೇ. ನಿಧಾನದ ತಿರುವುಗಳನ್ನೂ ಅದರಲ್ಲೇ ದಾಟಿ ತನ್ನೂರು ಸಾವ್ ಪೌಲೊದಲ್ಲಿ ಗೆಲ್ಲುತ್ತಾನೆ. ರೇಡಿಯೊದಲ್ಲಿ ಕೇಳುವ ಆ ಚೀರು ಹಿಗ್ಗಿನದೋ ನೋವಿನದೋ ತಿಳಿಯದು. ಆಮೇಲೆ ಟ್ರೋಫಿ ಎತ್ತಲು ತೋಳೇ ಏಳದು!

ನನ್ನ ತಕರಾರು ಇರುವುದು ಸೆನ್ನಾನ ಪ್ರತಿಸ್ಪರ್ಧಿ ಅಲೆನ್ ಪ್ರಾಸ್ಟ್ ವಿಚಾರದಲ್ಲಿ. ಚಿತ್ರ ಅವನನ್ನು ಲೆಕ್ಕಾಚಾರದ, ಅಧಿಕಾರಸ್ಥರ ಬೆಂಬಲವಿದ್ದ ಖಳನನ್ನಾಗಿ ಮಾಡುತ್ತದೆ. 1989ರಲ್ಲಿ ಜಪಾನಿನ ಸುಜುಕಾದಲ್ಲಿ ಇಬ್ಬರ ಕಾರುಗಳೂ ತಾಗಿದವು. ಮುಂದುವರಿದು ಗೆದ್ದ ಸೆನ್ನಾನನ್ನು ಅನರ್ಹಗೊಳಿಸಲಾಯಿತು, ಪ್ರಾಸ್ಟ್ ಚಾಂಪಿಯನ್ ಆದ. ಸೆನ್ನಾನ ಸಿಟ್ಟು ನ್ಯಾಯವಾದದ್ದೇ. ಆದರೆ ಮರುವರ್ಷ ಅದೇ ಸುಜುಕಾದ ಮೊದಲ ತಿರುವಿನಲ್ಲೇ ಸೆನ್ನಾ ಪ್ರಾಸ್ಟ್‌ನ ಕಾರಿಗೆ ಗುದ್ದಿದ. ಬೇಕೆಂದೇ ಗುದ್ದಿದ್ದಾಗಿ ಒಂದು ವರ್ಷದ ನಂತರ ಒಪ್ಪಿಕೊಂಡ. ಆ ವೇಗದಲ್ಲಿ ಇಬ್ಬರೂ ಸಾಯಬಹುದಿತ್ತು. ಚಿತ್ರ ಇದನ್ನು ಹಿಂದಿನ ಅನ್ಯಾಯದ ಲೆಕ್ಕ ತೀರಿದಂತೆ ಕಾಣಿಸುತ್ತದೆ. ನಾನು ಒಪ್ಪಲಾರೆ.

ಪ್ರಾಸ್ಟ್‌ನನ್ನು ಹೀಗೆ ಖಳನಾಗಿಸಿದ್ದರಿಂದ ನಷ್ಟವಾಗುವುದು ಸೆನ್ನಾನಿಗೇ. 1988ರಲ್ಲಿ ಇಬ್ಬರೂ ಮೆಕ್ಲಾರೆನ್ ತಂಡದಲ್ಲಿದ್ದರು. ಒಟ್ಟು ಅಂಕ ಪ್ರಾಸ್ಟ್‌ಗೆ 105, ಸೆನ್ನಾನಿಗೆ 94. ಅತ್ಯುತ್ತಮ 11 ಫಲಿತಾಂಶ ಮಾತ್ರ ಲೆಕ್ಕಕ್ಕೆ ಎಂಬ ಅಂದಿನ ನಿಯಮದಂತೆ 90-87ರಿಂದ ಸೆನ್ನಾ ಮೊದಲ ಬಾರಿ ಚಾಂಪಿಯನ್ ಆದ. ಇಷ್ಟು ಸಮಬಲದ ಜೋಡಿಯಲ್ಲಿ ಒಬ್ಬನನ್ನು ಕುಗ್ಗಿಸಿದರೆ ಇನ್ನೊಬ್ಬನ ಎತ್ತರ ಅಳೆಯುವುದು ಯಾವುದರಿಂದ?

ಸೆನ್ನಾ ಸತ್ತ ಇಮೋಲಾ ರೇಸಿನ ಭಾಗದಲ್ಲಿ ಮಾತ್ರ ಚಿತ್ರ ಯಾರ ಪರವನ್ನೂ ವಹಿಸದು. ಹಿಂದಿನ ದಿನ ಅಲ್ಲೇ ಇನ್ನೊಬ್ಬ ಚಾಲಕ ರಾಟ್ಜೆನ್‌ಬರ್ಗರ್ ಸತ್ತಿದ್ದಾನೆ. 1994ರ ಮೇ 1ರಂದು ಕಾರಿನಲ್ಲಿ ಕೂತ ಸೆನ್ನಾನ ಮುಖವನ್ನು ಕ್ಯಾಮೆರಾ ಸುಮ್ಮನೆ ನೋಡುತ್ತದೆ. ಅವನಿಗಾಗ 34 ವರ್ಷ.

ಸಾವ್ ಪೌಲೊದಲ್ಲಿ ಅವನ ಶವಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ಪ್ರಾಸ್ಟ್ ಕೂಡ ಇದ್ದ.