ಸ್ಟಾನ್ಲಿಯ ಬಂದಿ: ಕ್ಯಾಪ್ಟನ್ ಅನ್ಸಾರಿಯವರ ಸ್ಮರಣೆಯನ್ನು ಕುರಿತು

ಶತ್ರುವಿನ ಸೆರೆಯಲ್ಲಿ ಮಡಿದ ಯೋಧನ ವಿಷಯದಲ್ಲಿ ಇತಿಹಾಸಕಾರನಿಗೆ ಮೊದಲು ಒದಗುವ ಆಧಾರ ಬಹುಮಟ್ಟಿಗೆ ಸರಕಾರದ ಪ್ರಶಸ್ತಿಪತ್ರವೇ. ಅದನ್ನು ಪರೀಕ್ಷಿಸದೆ ಸ್ವೀಕರಿಸುವುದು ಯುಕ್ತವಲ್ಲವೆಂಬುದಕ್ಕೆ ಕ್ಯಾಪ್ಟನ್ ಮತೀನ್ ಅಹಮದ್ ಅನ್ಸಾರಿಯವರ ವೃತ್ತಾಂತ ಒಳ್ಳೆಯ ನಿದರ್ಶನ.

ಆಗ ಬೀದರ್, ಕಲಬುರಗಿ, ರಾಯಚೂರುಗಳನ್ನೂ ಒಳಗೊಂಡಿದ್ದ ಹೈದರಾಬಾದ್ ಸಂಸ್ಥಾನದವರಾದ ಅನ್ಸಾರಿಯವರು ಏಳನೆಯ ರಜಪೂತ್ ರೆಜಿಮೆಂಟಿನ ಅಧಿಕಾರಿಗಳು. 1941ರ ಡಿಸೆಂಬರ್ 25ರಂದು ಹಾಂಗ್‌ಕಾಂಗ್ ಶರಣಾದಾಗ ಅವರು ಜಪಾನೀಯರ ಕೈಸೆರೆಯಾದರು. ಅವರು ದೊಡ್ಡ ಸಂಸ್ಥಾನವೊಂದರ ಅರಸನ ಬಂಧುವೆಂದು ತಿಳಿದೊಡನೆ, ಬ್ರಿಟಿಷರ ಪಕ್ಷವನ್ನು ತೊರೆದು ಭಾರತೀಯ ಬಂದಿಗಳಲ್ಲಿ ಅಸಮಾಧಾನವನ್ನು ಬಿತ್ತಬೇಕೆಂಬ ಒತ್ತಾಯ ಆರಂಭವಾಯಿತು. ಅವರು ಒಪ್ಪಲಿಲ್ಲ. 1942ರ ಮೇ ತಿಂಗಳಲ್ಲಿ ಸ್ಟಾನ್ಲಿ ಸೆರೆಮನೆಗೆ ತಳ್ಳಲ್ಪಟ್ಟು ಉಪವಾಸ, ಹಿಂಸೆಗಳನ್ನು ಅನುಭವಿಸಿದರು. ಶಿಬಿರಕ್ಕೆ ಮರಳಿದ ಮೇಲೂ ಇತರರ ಪಲಾಯನಕ್ಕೆ ನೆರವಾದರು. 1943ರ ಅಕ್ಟೋಬರಿನಲ್ಲಿ ಬ್ರಿಟಿಷ್, ಚೀನೀ ಹಾಗೂ ಭಾರತೀಯರಾದ ಮೂವತ್ತಕ್ಕೂ ಹೆಚ್ಚು ಮಂದಿಯೊಡನೆ ಅವರ ಶಿರಚ್ಛೇದವಾಯಿತು.

1946ರ ಏಪ್ರಿಲ್ 18ರಂದು ಅವರಿಗೆ ಮರಣೋತ್ತರವಾಗಿ ಜಾರ್ಜ್ ಕ್ರಾಸ್ ದೊರೆಯಿತು. ಪ್ರಶಸ್ತಿಪತ್ರ ಮತ್ತೆ ಮತ್ತೆ ಎತ್ತಿ ಹೇಳುವುದು ಬ್ರಿಟಿಷರಲ್ಲಿ ಅವರಿಗಿದ್ದ ನಿಷ್ಠೆಯನ್ನು. ಪಲಾಯನಕ್ಕೆ ನೀಡಿದ ನೆರವು ಅದರಲ್ಲಿ ಆನುಷಂಗಿಕವಾಗಿ ಬರುತ್ತದೆ. ಈ ಒತ್ತಿನ ಹಿನ್ನೆಲೆಯನ್ನು ಗಮನಿಸಬೇಕು. ಕೆಂಪುಕೋಟೆಯಲ್ಲಿ ಆಜಾದ್ ಹಿಂದ್ ಫೌಜಿನ ಅಧಿಕಾರಿಗಳ ಮೊದಲ ವಿಚಾರಣೆ ಮುಗಿದು ಆಗ ನಾಲ್ಕು ತಿಂಗಳೂ ಕಳೆದಿರಲಿಲ್ಲ. ಭಾರತೀಯ ಸೈನಿಕನ ನಿಷ್ಠೆ ಯಾರಿಗೆ ಸಲ್ಲಬೇಕೆಂಬುದೇ ಅಂದಿನ ವಿವಾದವಾಗಿದ್ದಾಗ, ಇಂಥ ಪತ್ರವನ್ನು ಕೇವಲ ವ್ಯಕ್ತಿಪ್ರಶಂಸೆಯೆಂದು ಓದುವುದು ಸಾಧ್ಯವಿಲ್ಲ.

ಹಾಗೆಂದು ಇದಕ್ಕೆ ಪ್ರತಿಯಾದ ಇನ್ನೊಂದು ದೃಷ್ಟಿಯೂ ಸಾಧುವಲ್ಲ. ಫೌಜನ್ನು ಸೇರಿದವರು ದೇಶಭಕ್ತರಾದ್ದರಿಂದ ಸೇರದವರು ಪರಕೀಯರ ಸೇವಕರೆಂದು ತೀರ್ಮಾನಿಸುವುದು ತರ್ಕದೋಷ. ಎರಡು ಪಕ್ಷಗಳೂ ಬಂದಿಯ ನಡತೆಯನ್ನು ಒಂದೇ ಅಳತೆಗೋಲಿನಿಂದ, ಅಂದರೆ ಯಾವ ಧ್ವಜದ ಪರ ನಿಂತನೆಂಬುದರಿಂದ, ಅಳೆಯುತ್ತವೆ. ಆದರೆ ಅನ್ಸಾರಿಯವರ ಕೃತ್ಯಗಳನ್ನೇ ನೋಡಿದರೆ, ಸಹಬಂದಿಗಳ ಹಿತವೆಂಬ ಮತ್ತೊಂದು ಅಳತೆಯೂ ಅವುಗಳಲ್ಲಿ ಸ್ಪಷ್ಟವಾಗಿದೆ. ತಮ್ಮ ಬಂಧುತ್ವದ ಹೆಸರು ಹೇಳಿ ಸುಖವಾಗಿರಬಹುದಾಗಿದ್ದವರು, ಒಮ್ಮೆ ಸೆರೆಮನೆಯನ್ನು ಕಂಡ ಬಳಿಕವೂ ಇತರರ ಬಿಡುಗಡೆಗೆ ದುಡಿದರು. ಇದನ್ನು ಹೇಳಲು ಸಾಮ್ರಾಜ್ಯದ ಸ್ತುತಿಯಾಗಲಿ ಅದರ ನಿಂದೆಯಾಗಲಿ ಅವಶ್ಯವಿಲ್ಲ.

ಅವರ ಸಮಾಧಿ ಹಾಂಗ್‌ಕಾಂಗಿನ ಸ್ಟಾನ್ಲಿ ಸೈನಿಕ ಸ್ಮಶಾನದಲ್ಲಿದೆ. ನಮ್ಮ ಪಠ್ಯಗಳು ಎರಡನೆಯ ಮಹಾಯುದ್ಧದ ಭಾರತೀಯ ಬಂದಿಗಳನ್ನು ಫೌಜಿನ ಪ್ರಸ್ತಾಪದೊಡನೆ ಮುಗಿಸುವ ರೂಢಿಯನ್ನು ಬಿಟ್ಟು, ಇಂಥವರಿಗೂ ಸ್ಥಾನ ಕಲ್ಪಿಸುವುದು ಅಗತ್ಯ.