ಚೋಮ ಯಾಕೆ ಹಿಂದಿರುಗಿದ?

ಶಿವರಾಮ ಕಾರಂತರ 'ಚೋಮನ ದುಡಿ' 1933ರಲ್ಲಿ ಬಂದ ಕಾದಂಬರಿ. ಉಡುಪಿ, ಕಾರ್ಕಳದ ಕಡೆ ನಮ್ಮವರು ನಾಲ್ಕು ಜನ ಸೇರಿ ಅದರ ಮಾತೆತ್ತಿದರೆ ಇವತ್ತಿಗೂ ಒಂದು ಜಾಗದಲ್ಲಿ ಜಗಳ ಹತ್ತಿಕೊಳ್ಳುತ್ತದೆ. ಚೋಮನಿಗೆ ಎತ್ತು ಇದೆ, ಉಳಲು ನೆಲವಿಲ್ಲ. ಹೊಲೆಯ ಬೇಸಾಯಗಾರನಾಗಕೂಡದು ಎಂಬುದು ಊರಿನ ಕಟ್ಟಳೆ. ಪಾದ್ರಿಯ ಮತಕ್ಕೆ ಸೇರಿದರೆ ಗದ್ದೆ ಸಿಗುತ್ತದಂತೆ ಎಂದು ಕೊನೆಗೊಮ್ಮೆ ಹೊರಡುತ್ತಾನೆ. ಹೋಗುವ ದಾರಿಯಲ್ಲಿ ಅವನ ಪಂಜುರ್ಲಿ ಎದ್ದು ನಿಲ್ಲುತ್ತದೆ. ಚೋಮ ಹಿಂದಿರುಗುತ್ತಾನೆ.

ಯಾಕೆ ಹಿಂದಿರುಗಿದ?

ಮೇಲ್ಜಾತಿಯ ಓದುಗರಿಗೆ ಇದು ಬಹಳ ಸುಲಭದ ಪ್ರಶ್ನೆ: ನೋಡಿ, ಎಷ್ಟು ತುಳಿದರೂ ಬಡವ ತನ್ನ ದೈವ ಬಿಡಲಿಲ್ಲ. ತುಳಿದವರೇ ತುಳಿಸಿಕೊಂಡವನ ನಿಷ್ಠೆಗೆ ಚಪ್ಪಾಳೆ ತಟ್ಟುವ ಓದು ಇದು. ನಮ್ಮ ಗೆಳೆಯರ ಓದು ಇದಕ್ಕೆ ತದ್ವಿರುದ್ಧ. ಚೋಮನದು ಗುಲಾಮ ಮನಸ್ಸು, ಪಂಜುರ್ಲಿ ಅನ್ನುವುದು ಜಮೀನ್ದಾರಿಕೆ ಅವನ ತಲೆಯೊಳಗೆ ಕೂರಿಸಿದ ಕಾವಲುಗಾರ, ಅಷ್ಟೆ ಅನ್ನುತ್ತಾರೆ. ಈ ಎರಡು ಓದಿಗೂ ಚೋಮನಲ್ಲಿ ಒಂದೇ ಮನಸ್ಸು ಇರಬೇಕು. ಕಾದಂಬರಿಯ ಚೋಮನಲ್ಲಿ ಎರಡಿವೆ. ನೆಲ ಬೇಕು, ಹೆಂಡ ಕುಡಿದು ದುಡಿ ಬಾರಿಸುವ ರಾತ್ರಿಗಳಲ್ಲಿ ಜೊತೆಗಿದ್ದ ಪಂಜುರ್ಲಿಯೂ ಬೇಕು. ಒಂದನ್ನು ಹಿಡಿದರೆ ಇನ್ನೊಂದು ಹೋಗುತ್ತದೆ. ಈ ಹೊಯ್ದಾಟವನ್ನು ಅವನ ಬುದ್ಧಿಯ ಕೊರತೆ ಅನ್ನುವುದು ಅನ್ಯಾಯ. ಬೆವರು ಹರಿಸಿ ಬದುಕಿದವನು ಬೇಡುವ ಎರಡು ಪದಾರ್ಥಗಳನ್ನು ಒಟ್ಟಿಗೆ ಕೊಡದಿರುವುದೇ ಈ ಸಮಾಜದ ಕಸುಬು.

ಕಾದಂಬರಿಯಲ್ಲಿ ಎರಡು ಮನಸ್ಸಿನ ಇನ್ನೊಬ್ಬನೂ ಇದ್ದಾನೆ: ಧಣಿ ಸಂಕಪ್ಪಯ್ಯ. ಚೋಮನಿಗೆ ತುಸು ನೆಲ ಕೊಟ್ಟರೇನು ಅಂತ ಅವನಿಗೂ ಅನ್ನಿಸುತ್ತದೆ. ತಾಯಿ ಬೇಡ ಅಂದಳು, ಮುಗಿಯಿತು. ಅವನ ಹೊಯ್ದಾಟ ಅಂಗಳ ದಾಟುವುದಿಲ್ಲ, ಒಂದು ಹೊತ್ತಿನ ಗಂಜಿಯನ್ನೂ ಅವನಿಂದ ಕಿತ್ತುಕೊಳ್ಳುವುದಿಲ್ಲ. ಚೋಮನ ಕಡೆ ನೋಡಿ. ಸಾಲ ತೀರಿಸಲು ಮಕ್ಕಳು ಕಾಫಿ ತೋಟಕ್ಕೆ ಹೋಗಬೇಕು. ಒಬ್ಬ ಜ್ವರಕ್ಕೆ ಸಿಕ್ಕಿ ಸಾಯುತ್ತಾನೆ, ಒಬ್ಬ ಕಿರಿಸ್ತಾನನಾಗಿ ದೂರವಾಗುತ್ತಾನೆ. ಇನ್ನೊಂದು ಮಗು, ಮುಟ್ಟಲಾರದೆ ನಿಂತವರ ಕಣ್ಣೆದುರೇ ನೀರಲ್ಲಿ ಮುಳುಗುತ್ತದೆ. ಇಬ್ಬರಿಗೂ ಎರಡು ಮನಸ್ಸು ಇದ್ದರೂ ಅದಕ್ಕೆ ಬೆಲೆ ಕಟ್ಟುವವನು ಒಬ್ಬನೇ.

ನವ್ಯರ ಆತ್ಮಶೋಧನೆಯ ಬಗ್ಗೆ ನಮ್ಮ ತಕರಾರು ಇದ್ದದ್ದೂ ಇಲ್ಲೇ. 1965ರ 'ಸಂಸ್ಕಾರ'ದ ಪ್ರಾಣೇಶಾಚಾರ್ಯರಿಗೆ ತಮ್ಮೊಳಗನ್ನು ಕೆದಕಿಕೊಳ್ಳಲು ಪುಟಗಟ್ಟಲೆ ಜಾಗವಿದೆ. ಅದೇ ಪ್ಲೇಗಿಗೆ ಹೊಲೆಗೇರಿಯ ಗುಡಿಸಲುಗಳಲ್ಲಿ ಸತ್ತವರ ಸಂಸ್ಕಾರದ ಪ್ರಶ್ನೆ ಯಾರ ಅಂತರಂಗವನ್ನೂ ಕಾಡುವುದಿಲ್ಲ. ಇದಕ್ಕೆ ರೇಗಿದ ನಾವು 1979ರ ಬಂಡಾಯ ಸಂಘಟನೆಯ ಹೊತ್ತಿಗೆ ಬೀದಿಯ ಮಾತನ್ನು ಎತ್ತಿದ್ದು ಸರಿ. ಹಾಗಂತ ಒಳಗು ಅನ್ನುವುದನ್ನು ನವ್ಯರ ಹೆಸರಿಗೆ ಜಹಗೀರು ಬರೆದುಕೊಡಲು ಆಗುವುದಿಲ್ಲ. ದಲಿತನಿಗೂ ಅಂತರಂಗ ಇದೆ ಸ್ವಾಮಿ. ಅಲ್ಲಿ ಸಾಲ, ಗೇಣಿ, ಮುಟ್ಟುಚಟ್ಟು ಎಲ್ಲ ಬಂದು ಕೂತಿವೆ.

ಚೋಮನ ಆಸೆ ಮುದುಕನ ಕನಸು ಅಂತ ಕಪಾಟಿನಲ್ಲಿಡುವ ಹಾಗಿಲ್ಲ. 1974ರ ಭೂಸುಧಾರಣೆ ತಿದ್ದುಪಡಿ ಬಂದಾಗ ಈ ಕರಾವಳಿಯಲ್ಲಿ ಗೇಣಿ ಒಕ್ಕಲುಗಳು ಡಿಕ್ಲರೇಷನ್ ಕೊಟ್ಟು ಗದ್ದೆಗೆ ಒಡೆಯರಾದರು. ದೊಡ್ಡ ಬದಲಾವಣೆಯೇ ಸರಿ. ಆದರೆ ಡಿಕ್ಲರೇಷನ್ ಕೊಡಲು ಮೊದಲು ಗೇಣಿದಾರನಾಗಿರಬೇಕು. ಚೋಮ ಗೇಣಿದಾರನಲ್ಲ, ಮೂಲದ ಆಳು. ಕಾನೂನು ಅವನ ಪಕ್ಕದಲ್ಲೇ ಹಾದುಹೋಯಿತು. ಬ್ರಿಟಿಷರ ಕಾಲದಲ್ಲಿ ನಮ್ಮವರಿಗೆಂದೇ ಕಾದಿಟ್ಟ ಡಿ.ಸಿ. ಮನ್ನಾ ಜಾಗ ಹಂಚಿ ಅಂತ ದಲಿತ ಸಂಘಟನೆಗಳು ಇನ್ನೂ ಕಚೇರಿ ಮುಂದೆ ಕೂರುತ್ತಿವೆ. ಪಾದ್ರಿಯ ದಾರಿಗೂ ಸರ್ಕಾರ ಒಂದು ಗೇಟು ಹಾಕಿದೆ: 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಕಿರಿಸ್ತಾನನಾದವನು ಪರಿಶಿಷ್ಟ ಜಾತಿಯ ಪಟ್ಟಿಯಲ್ಲಿ ಉಳಿಯುವುದಿಲ್ಲ. ಕಾರ್ಕಳದ ಅತ್ತೂರು ಸಾಂತ್‌ಮಾರಿಗೆ ಎಲ್ಲ ಜಾತಿಯವರೂ ಹೋಗಿ ಮೇಣದಬತ್ತಿ ಹಚ್ಚಿ ಬರುತ್ತಾರೆ, ಅದಕ್ಕೆ ಅಡ್ಡಿಯಿಲ್ಲ. ಬತ್ತಿ ಹಚ್ಚಿ ವಾಪಸು ಬರಬೇಕು, ಅಷ್ಟೆ.

ಪಂಜುರ್ಲಿಯೂ ಸುಮ್ಮನೆ ಕೂತಿಲ್ಲ. 2022ರಲ್ಲಿ 'ಕಾಂತಾರ' ಬಂದು ದೇಶವೆಲ್ಲ ಅದರ ಹೆಸರು ಕೂಗಿತು. ಅದೇ ವರ್ಷ 60 ದಾಟಿದ ದೈವನರ್ತಕರಿಗೆ ತಿಂಗಳಿಗೆ 2000 ರೂಪಾಯಿ ಕೊಡುವುದಾಗಿ ಸರ್ಕಾರ ಪ್ರಕಟಿಸಿತು. ಕಾಪುವಿನಿಂದ ಕಾರ್ಕಳದವರೆಗೆ ಕೋಲ ಕಟ್ಟುವವರು ಪಂಬದರು, ಪರವರು, ನಲಿಕೆಯವರು. ಗಗ್ಗರ ಕಟ್ಟಿದ ರಾತ್ರಿ ಗುತ್ತಿನ ಯಜಮಾನನೂ ಇವರ ಮುಂದೆ ಕೈಮುಗಿದು ನಿಲ್ಲುತ್ತಾನೆ. ಬಣ್ಣ ತೊಳೆದ ಮೇಲೆ ಚಾವಡಿಯ ಲೆಕ್ಕ ಬೇರೆ. ಈ ಮನೆಗಳ ಹುಡುಗ ಆ ಒಂದು ರಾತ್ರಿಯ ಮರ್ಯಾದೆಯನ್ನು ಬಿಡಲಾರ, ಹಗಲಿನ ಅವಮಾನವನ್ನು ಹೊರಲಾರ. ಅವನಿಗೆ 'ಸಂಸ್ಕೃತಿ ಉಳಿಸು' ಅನ್ನುವವರೂ 'ಮೌಢ್ಯ ಬಿಡು' ಅನ್ನುವವರೂ ಇದ್ದಾರೆ. ಇಬ್ಬರ ಮನೆಯಲ್ಲೂ ಯಾರೂ ಗಗ್ಗರ ಕಟ್ಟುವುದಿಲ್ಲ.

ದುಡಿಯ ಜೊತೆಗೇ ಕೊರಗರ ಡೋಲಿನ ಮಾತೂ ಬರಬೇಕು. ಅಜಲು ಅಂತ ಹೇಳಿ ಅವರನ್ನು ಬಲವಂತದಿಂದ ಡೋಲು ಬಾರಿಸಲು ಕರೆಯುತ್ತಿದ್ದರು. ಅವಮಾನದ ಆ ಪದ್ಧತಿಯನ್ನು ನಿಷೇಧಿಸುವ ಕಾಯ್ದೆ 2000ದಲ್ಲಿ ಬಂತು. ಈಗ ಕೊರಗ ಯುವಕರು ತಮ್ಮದೇ ವೇದಿಕೆಯಲ್ಲಿ ತಮ್ಮ ಖುಷಿಗೆ ಡೋಲು ಹಿಡಿಯುತ್ತಾರೆ. ಅದೇ ಚರ್ಮ, ಅದೇ ಪೆಟ್ಟು. ಕರೆದದ್ದು ಯಾರು ಎಂಬುದರಲ್ಲಿದೆ ವ್ಯತ್ಯಾಸ. ಮಣಿಪಾಲದಲ್ಲಿ ಬಾಡಿಗೆ ಕೋಣೆ ಹುಡುಕುವ ನಮ್ಮ ಹುಡುಗನಿಗೆ "ನಿಮ್ಮದು ಯಾವ ಮನೆ?" ಎಂಬ ನಯವಾದ ಪ್ರಶ್ನೆ ಎದುರಾದಾಗ ಹೇಳಲೋ ಬೇಡವೋ ಅಂತ ನಾಲಿಗೆ ತಡವರಿಸುತ್ತದೆ. ಚೋಮ ಕಾಲೆತ್ತಿ ನಿಂತದ್ದೂ ಇಂಥ ಗಳಿಗೆಯಲ್ಲೇ. ಆ ಹುಡುಗನನ್ನು ಹೇಡಿ ಅನ್ನುವ ಮೊದಲು, ಹಾಗೆ ಕೇಳಿದವನ ಹೆಸರು ಕೇಳೋಣ.

ಕಾರಂತರು 1997ರ ಡಿಸೆಂಬರಿನಲ್ಲಿ ಮಣಿಪಾಲದಲ್ಲೇ ತೀರಿಕೊಂಡರು. ಅವರ ಕಣ್ಣಿನ ಪ್ರಾಮಾಣಿಕತೆಯನ್ನು ನಾವು ಒಪ್ಪುತ್ತೇವೆ. ಚೋಮನನ್ನು ಅವರು ಸಂತನನ್ನಾಗಿಯೂ ಮಾಡಲಿಲ್ಲ, ಪೆದ್ದನನ್ನಾಗಿಯೂ ಮಾಡಲಿಲ್ಲ. ಆದರೆ ಅವರು ನಿಂತು ನೋಡಿದ್ದು ಜಗಲಿಯಿಂದ. ಗುಡಿಸಲಿನ ಒಳಗೆ ದುಡಿ ಕೇಳುತ್ತದೆ, ಮಾತು ಕೇಳುವುದಿಲ್ಲ. ಪಂಜುರ್ಲಿ ಮತ್ತು ಪಾದ್ರಿ, ಈ ಎರಡೇ ದಾರಿ ಅವನಿಗೆ ಕಾಣುವುದು. ಕಾದಂಬರಿ ಬಂದ ಎರಡೇ ವರ್ಷಕ್ಕೆ, 1935ರಲ್ಲಿ, ಅಂಬೇಡ್ಕರರು ಯೇವಲೆಯಲ್ಲಿ ನಿಂತು ತಾನು ಹಿಂದೂವಾಗಿ ಸಾಯುವುದಿಲ್ಲ ಅಂದರು. ಅವರೂ ತಕ್ಷಣ ಹೊರಟುಬಿಡಲಿಲ್ಲ. 1956ರವರೆಗೆ, ಇಪ್ಪತ್ತೊಂದು ವರ್ಷ, ಓದಿದರು, ವಾದಿಸಿದರು, ತೂಗಿ ನೋಡಿದರು. ಚೋಮನಿಗೆ ಸಿಕ್ಕದ್ದು ಒಂದು ದಾರಿಯುದ್ದದ ಹೊತ್ತು ಮಾತ್ರ. ತನ್ನನ್ನು ತಾನು ನೋಡಿಕೊಳ್ಳುವುದಕ್ಕೂ ಪುರುಸೊತ್ತು ಬೇಕು, ಮಗ್ಗುಲಲ್ಲಿ ಮಾತಾಡುವ ಜನ ಬೇಕು. ಕೇರಿಯಲ್ಲಿ ಇವೆರಡೂ ಆಗ ಇರಲಿಲ್ಲ.

ಇಷ್ಟೆಲ್ಲ ಚೋಮನ ಬಗ್ಗೆ. ಮಗಳು ಬೆಳ್ಳಿ? ಅವಳ ಮತ್ತು ತೋಟದ ರೈಟರು ಮನ್ವೇಲನ ವಿಷಯ ಬಂದರೆ ಸಾಲ ತೀರಲು ಮೈ ಒಪ್ಪಿಸಿದಳು ಎನ್ನುತ್ತಾರೆ, ಇಲ್ಲವೆ ಕೆಟ್ಟಳು ಎನ್ನುತ್ತಾರೆ. ತೋಟದ ದುಡಿಮೆಯಲ್ಲಿ ಬೆಂದ ಹುಡುಗಿಗೆ ಅವಳದ್ದೇ ಒಂದು ಆಸೆ ಇತ್ತೇ, ಅದನ್ನು ಅವಳು ಹೇಗೆ ತೂಗಿದಳು ಎಂದು ಕಾದಂಬರಿಯೂ ಹೆಚ್ಚು ಹೊತ್ತು ನಿಂತು ಕೇಳುವುದಿಲ್ಲ, ನಮ್ಮ ವಿಮರ್ಶೆಯೂ ಕೇಳಿಲ್ಲ. ಚೋಮ ಬಾಗಿಲು ಹಾಕಿಕೊಂಡು ಸಾಯುವವರೆಗೆ ದುಡಿ ಬಾರಿಸುತ್ತಾನೆ. ಬೆಳ್ಳಿ ಅದಾದ ಮೇಲೂ ಬದುಕಬೇಕಾಗಿತ್ತು.