'ಬೇಟಾ' ಎಂದು ಕರೆಸಿಕೊಳ್ಳುವ ಹೆಣ್ಣುಮಕ್ಕಳು

ಉರ್ದು ಕಲಿಯಲು ಹೊರಟ ಕನ್ನಡಿಗರು ಮೊದಲು ಮುಗ್ಗರಿಸುವುದು ಲಿಂಗದಲ್ಲಿ. ನಮಗೆ ಕುರ್ಚಿ, ಪುಸ್ತಕ, ಬೆಟ್ಟ ಎಲ್ಲವೂ 'ಅದು'. ಉರ್ದು, ಪಂಜಾಬಿಗಳಲ್ಲಿ ನಪುಂಸಕಲಿಂಗವೇ ಇಲ್ಲ. ಪ್ರತಿ ವಸ್ತುವೂ ಗಂಡಾಗಬೇಕು, ಇಲ್ಲವೇ ಹೆಣ್ಣಾಗಬೇಕು. ಇಂಥ ಭಾಷೆಗಳು ಹುಟ್ಟಿನಿಂದಲೇ ಹೆಣ್ಣನ್ನು ಕೀಳಾಗಿ ಕಾಣುತ್ತವೆ ಎಂಬ ಆಪಾದನೆಯಿದೆ.

ಆಪಾದನೆಗೆ ಆಧಾರಗಳು ಇಲ್ಲದಿಲ್ಲ. 'ಟೋಕ್ರಾ' ದೊಡ್ಡ ಬುಟ್ಟಿ, 'ಟೋಕ್ರಿ' ಚಿಕ್ಕದು. 'ಪಹಾಡ್' ಬೆಟ್ಟ, 'ಪಹಾಡಿ' ಗುಡ್ಡ. 'ರಸ್ಸಾ' ದಪ್ಪ ಹಗ್ಗ, 'ರಸ್ಸಿ' ತೆಳ್ಳಗಿನದು. ಹಿರಿದೆಲ್ಲ ಗಂಡು, ಕಿರಿದೆಲ್ಲ ಹೆಣ್ಣು! ಆದರೆ ಅದೇ ಉರ್ದುವಿನಲ್ಲಿ ತಲ್ವಾರ್, ಫೌಜ್, ಹುಕೂಮತ್, ಅದಾಲತ್ ಎಲ್ಲವೂ ಸ್ತ್ರೀಲಿಂಗ. ಕೊರಳ ಮುತ್ತು 'ಮೋತಿ' ಪುಲ್ಲಿಂಗ. ಗಂಡಸಿನ ಗಡ್ಡ ಮೀಸೆಗಳು ಸ್ತ್ರೀಲಿಂಗ, ಅವನ 'ಮರ್ದಾನಗಿ'ಯೂ ಸ್ತ್ರೀಲಿಂಗವೇ. ಹೀಗಾಗಿ ಬರೀ ವ್ಯಾಕರಣದ ಮೇಲೆ ಮೊಕದ್ದಮೆ ಹೂಡಿದರೆ ಅದು ನಿಲ್ಲುವುದಿಲ್ಲ.

ದೋಷವಿರುವುದು ಪದಗಳಿಗೆ ನಾವು ತುಂಬಿದ ಅರ್ಥದಲ್ಲಿ. 'ಔರತ್' ಎಂಬ ಪದವನ್ನೇ ನೋಡಿ. ಇದರ ಮೂಲವಾದ ಅರಬಿ ಪದಕ್ಕೆ ಮರೆಮಾಡಬೇಕಾದ ದೇಹಭಾಗ ಎಂಬರ್ಥವಿದೆ. ಕುರ್‌ಆನ್ ಮಹಿಳೆಯನ್ನು ಈ ಪದದಿಂದ ಕರೆದಿಲ್ಲ. ಅದರ ನಾಲ್ಕನೆಯ ಅಧ್ಯಾಯದ ಹೆಸರು 'ಅನ್ನಿಸಾ', ಅಂದರೆ ಮಹಿಳೆಯರು. ಇಡೀ ಹೆಣ್ಣನ್ನೇ 'ಔರತ್' ಮಾಡಿದ್ದು ಜನರ ನಾಲಿಗೆ. ಪಂಜಾಬಿಯಲ್ಲಿ 'ರಂಡಿ' ಎಂದರೆ ವಿಧವೆ. ಉರ್ದುವಿಗೆ ಬರುವಷ್ಟರಲ್ಲಿ ಅದು ವೇಶ್ಯೆಯಾಯಿತು. ಹೆಂಡತಿ ಸತ್ತ 'ರಂಡ್ವಾ'ನಿಗೆ ಮಾತ್ರ ಯಾವ ಕಳಂಕವೂ ಅಂಟಲಿಲ್ಲ. ನಪುಂಸಕಲಿಂಗದ ಆಸರೆಯಿದ್ದ ಕನ್ನಡವಾದರೂ ಮಾಡಿದ್ದೇನು? 'ರಂಡೆ', 'ಮುಂಡೆ' ಎಂಬ ನಮ್ಮ ಬೈಗುಳಗಳೂ ವಿಧವೆಯ ತಲೆಯ ಮೇಲೇ ಬಿದ್ದಿವೆ.

ಅದೇ ವ್ಯಾಕರಣ ಹೆಣ್ಣಿನ ಕೈಗೆ ಬಂದಾಗ ಏನಾಗುತ್ತದೆ ಎಂಬುದಕ್ಕೂ ಉದಾಹರಣೆಯಿದೆ. ಲಿಂಗಭೇದವಿಲ್ಲದ ಫಾರ್ಸಿಯ ನೆರಳಲ್ಲಿ ಬೆಳೆದ ಉರ್ದು ಗಜಲ್‌ನಲ್ಲಿ ಹೇಳುವವನೂ ಪುಲ್ಲಿಂಗ, ಪ್ರೇಮಪಾತ್ರವೂ ಪುಲ್ಲಿಂಗ. 1970ರ ದಶಕದಲ್ಲಿ ಪರ್ವೀನ್ ಶಾಕಿರ್ ತಮ್ಮ ಗಜಲ್‌ಗಳಲ್ಲಿ ಸ್ತ್ರೀಲಿಂಗದ ಕ್ರಿಯಾಪದಗಳನ್ನು ಅಳುಕಿಲ್ಲದೆ ಬಳಸಿದರು. ಒಂದು 'ಈ'ಕಾರದಿಂದ, ಪ್ರೀತಿಸುವವಳು ಹೆಣ್ಣು ಎಂಬುದು ಬಯಲಾಯಿತು. ಕನ್ನಡದ 'ನಾನು ಬಂದೆ'ಯಲ್ಲಿ ಬಂದವರು ಯಾರೆಂದೇ ತಿಳಿಯುವುದಿಲ್ಲ. ಉರ್ದುವಿನ 'ಮೈ ಆಯೀ' ಮರೆಮಾಡಲು ಬಿಡುವುದಿಲ್ಲ. ಯಾವ ವ್ಯಾಕರಣ ಹೆಣ್ಣನ್ನು ಕಟ್ಟಿಹಾಕುತ್ತದೆಂದು ದೂರುತ್ತೇವೋ ಅದೇ ಅವಳಿಗೆ ದನಿಯನ್ನೂ ಕೊಟ್ಟಿತು.

ಬೈಗುಳವನ್ನು ಗುರುತಿಸುವುದು ಸುಲಭ. ಮಮತೆಯ ಮಾತಿನೊಳಗೆ ಅಡಗಿರುವ ತಾರತಮ್ಯ ಕಣ್ಣಿಗೆ ಬೀಳುವುದಿಲ್ಲ. ಉರ್ದು ಮಾತಿನ ಮನೆಗಳಲ್ಲಿ ಮುದ್ದು ಹೆಚ್ಚಾದಾಗ ಮಗಳೂ 'ಬೇಟಾ' ಆಗುತ್ತಾಳೆ. ಪಂಜಾಬಿ ಮನೆಗಳಲ್ಲಿ ಅವಳು 'ಪುತ್ತರ್'. ನಾವೂ ನಮ್ಮ ಮಗಳನ್ನು ಹಾಗೆಯೇ ಕರೆಯುತ್ತ ಬಂದವರು. ಅದು ಅವಳಿಗೆ ಸಲ್ಲಿಸುವ ಗೌರವವೆಂದೇ ನಂಬಿದ್ದೆವು. ಒಂದು ರಾತ್ರಿ ಊಟಕ್ಕೆ ಕುಳಿತಾಗ ಅವಳು ಕೇಳಿದಳು: "ಅಬ್ಬಾ, ನೀವು ಭಾಯಿಜಾನ್‌ನನ್ನು ಒಂದು ಸಲವೂ 'ಬೇಟೀ' ಅಂತ ಕರೆದಿಲ್ಲವಲ್ಲ?"

ಭಾಯಿಜಾನ್ ನಕ್ಕ. ನಮಗೆ ನಗು ಬರಲಿಲ್ಲ. ಮಗಳನ್ನು ಗಂಡಾಗಿಸಿದರೆ ಬಡ್ತಿ, ಮಗನನ್ನು ಹೆಣ್ಣಾಗಿಸಿದರೆ ಅವಮಾನ ಎಂಬ ಲೆಕ್ಕ ನಮ್ಮ ಪ್ರೀತಿಯಲ್ಲೇ ಇತ್ತು. ಅಂದಿನಿಂದ ಅವಳನ್ನು 'ಬೇಟೀ' ಎಂದು ಕರೆಯಲು ಯತ್ನಿಸುತ್ತಿದ್ದೇವೆ. ಮಮತೆ ಉಕ್ಕಿದಾಗ ಮಾತ್ರ ನಾಲಿಗೆ ಈಗಲೂ 'ಬೇಟಾ' ಎಂದುಬಿಡುತ್ತದೆ.